ಅಂಬಾಸಿಡರ್, ಫಿಯಟ್, ಹೆರಾಲ್ಡ್, ಹಳೆ ಮಾರುತಿ: ರಿಸ್ಟೋರ್ ಮಾಡಿಸಲು ಮೊದಲ ಕಾರು ಯಾವುದಿರಲಿ?

"ಹಳೆ ಕಾರು ತಗೊಂಡು ರೆಡಿ ಮಾಡಿಸಬೇಕು ಅಂತಿದ್ದೀನಿ. ಅಂಬಾಸಿಡರ್ ತಗೊಳ್ಳಲಾ, ಫಿಯಟ್ ತಗೊಳ್ಳಲಾ?" ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತದೆ. ಕೆಲವರು ಜೊತೆಗೆ ಹೆರಾಲ್ಡ್ ಹೆಸರು ಹೇಳುತ್ತಾರೆ. ಈಚೆಗೆ ಮೊಟ್ಟಮೊದಲ ಮಾರುತಿ 800 ಕೇಳುವವರೂ ಜಾಸ್ತಿಯಾಗಿದ್ದಾರೆ. ಕೇಳುವವರ ಫೋನಿನಲ್ಲಿ ಆಗಲೇ ಒಂದು ಫೋಟೊ ಇರುತ್ತದೆ. ಯಾವುದೋ ತೋಟದ ಮನೆಯ ಶೆಡ್ಡು, ಧೂಳು ಹಿಡಿದ ಕಾರು, ಬಾನೆಟ್ ಮೇಲೆ ಒಂದು ಕೋಳಿ. ಕೆಳಗೆ "ಎಂಜಿನ್ ಗುಡ್ ಕಂಡಿಷನ್, ಸ್ವಲ್ಪ ಟಿಂಕರಿಂಗ್ ಇದೆ" ಅಂತ ಬರೆದಿರುತ್ತದೆ. ಆ ಟಿಂಕರಿಂಗಿಗೆ ಗಾಡಿಯ ಬೆಲೆಗಿಂತ ಜಾಸ್ತಿ ಖರ್ಚಾಗಬಹುದು ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ಹಳೆ ಕಾರಿನಲ್ಲಿ ಕೆಟ್ಟುಹೋದದ್ದಕ್ಕೆ ಹೆದರಬೇಡಿ, ಕಾಣೆಯಾದದ್ದಕ್ಕೆ ಹೆದರಿ. ಕೆಟ್ಟ ಎಂಜಿನ್ನನ್ನು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಎಬ್ಬಿಸಬಹುದು. ಕಳೆದುಹೋದ ಗ್ರಿಲ್, ಒಡೆದ ಹಿಂದಿನ ಗಾಜು, ಯಾರೋ ಬಿಚ್ಚಿಕೊಂಡು ಹೋದ ಮೀಟರ್ ಇವನ್ನು ಹುಡುಕುತ್ತಾ ಕೂತರೆ ಮಕ್ಕಳ ಮದುವೆ ವಯಸ್ಸು ಬಂದಿರುತ್ತದೆ. ನಾಲ್ಕೂ ಗಾಡಿಗಳನ್ನು ಹೋಲಿಸುವಾಗ ನಾನು ಮುಖ್ಯವಾಗಿ ನೋಡುವುದು ಇದನ್ನೇ.

ಗಾಡಿ ನೋಡುವ ಮೊದಲು

ಮೊದಲನೆಯದು ಕಾಗದ. ಕರ್ನಾಟಕದಲ್ಲಿ ಕೆಎ ಸರಣಿ ಬರುವ ಮುಂಚಿನ ಗಾಡಿಗಳ ನಂಬರು ಎಂವೈ, ಎಂಇ ಅಥವಾ ಸಿ ಅಕ್ಷರದಿಂದ ಶುರುವಾಗುತ್ತದೆ. ಇಂಥ ಎಷ್ಟೋ ಗಾಡಿಗಳ ಆರ್‌ಸಿ ಹಳೆಯ ಪುಸ್ತಕವಾಗಿಯೇ ಉಳಿದಿದೆ, ಆರ್‌ಟಿಒ ಕಂಪ್ಯೂಟರಿಗೆ ಏರಿಲ್ಲ. ಅದನ್ನು ಏರಿಸಲು 'ಬ್ಯಾಕ್‌ಲಾಗ್ ಎಂಟ್ರಿ' ಮಾಡಿಸಬೇಕು. ಪುಸ್ತಕದಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ವಾರಸುದಾರರ ಸಹಿಗಳೆಲ್ಲ ಬೇಕು. ನಾಲ್ಕು ಮಕ್ಕಳಲ್ಲಿ ಒಬ್ಬರು ಅಮೆರಿಕದಲ್ಲಿದ್ದು, ಇನ್ನೊಬ್ಬರು ಉಳಿದವರ ಜೊತೆ ಮಾತು ಬಿಟ್ಟಿದ್ದರೆ ಆ ಕಾರಿನ ಆಸೆ ಬಿಡಿ. ಆರ್‌ಸಿಯೇ ಇಲ್ಲದ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಅದು ಬಿಡಿಭಾಗಕ್ಕೆ ತಂದ ಗಾಡಿ ಅಷ್ಟೇ.

15 ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು ಅನ್ನುವುದು ನಿಮಗೆ ಗೊತ್ತಿರುತ್ತದೆ. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಗೆ ಏರಿಸಿತು. ಜೊತೆಗೆ ರಾಜ್ಯದ ಹಸಿರು ತೆರಿಗೆ ಬೇರೆ. ಇನ್ನೊಂದು ದಾರಿಯೂ ಇದೆ. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಯನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಮರುನೋಂದಣಿಗೆ 5,000. ಆದರೆ ಅದರಲ್ಲಿ ಒಂದು ಕೊಕ್ಕೆ ಇದೆ. ವಿಂಟೇಜ್ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನದ ಓಡಾಟಕ್ಕಿಲ್ಲ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಹೋಗಿ ಇಡ್ಲಿ ತಿಂದು ಬರುವ ಆಸೆ ಇರುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗುವುದು ಒಳ್ಳೆಯದು.

ಎರಡನೆಯದು ತಗಡು. ಫ್ರಿಜ್ಜಿನ ಮೇಲೆ ಅಂಟಿಸುವಂಥ ಒಂದು ಚಿಕ್ಕ ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಫೆಂಡರಿನ ಕೆಳಭಾಗ, ಡಿಕ್ಕಿಯ ತಳ ಇಲ್ಲೆಲ್ಲ ಮೆಲ್ಲಗೆ ಆಡಿಸಿ. ಕಬ್ಬಿಣ ಇರುವಲ್ಲಿ ಅಂಟುತ್ತದೆ. ಪುಟ್ಟಿ ತುಂಬಿದ ಕಡೆ ಹಿಡಿತವೇ ಇಲ್ಲದೆ ಜಾರಿ ಬೀಳುತ್ತದೆ. ಬೆರಳಿನ ಗಿಣ್ಣಿನಿಂದ ತಟ್ಟಿದರೂ ಗೊತ್ತಾಗುತ್ತದೆ, ತಗಡಿನ ಠಣ್ ಸದ್ದು ಬೇರೆ, ಪುಟ್ಟಿಯ ದಪ್ ಸದ್ದು ಬೇರೆ. ಆಮೇಲೆ ಒಳಗಿನ ಮ್ಯಾಟ್ ಎತ್ತಿಸಿ ನೆಲ ನೋಡಿ. ಮ್ಯಾಟ್ ಎತ್ತಲು ಮಾರುವವರು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ಗಾಡಿ ಎಲ್ಲಿ ಬಾಳಿತ್ತು ಅನ್ನುವುದನ್ನೂ ಕೇಳಿ. ಮಂಗಳೂರು, ಉಡುಪಿ, ಕಾರವಾರದ ಕಾರುಗಳು ಉಪ್ಪುಗಾಳಿಗೆ ಒಳಗಿಂದಲೇ ತಿಂದುಹೋಗಿರುತ್ತವೆ. ಮಲೆನಾಡು, ಕೊಡಗಿನ ಮಳೆಯೂ ಬಿಡುವುದಿಲ್ಲ. ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯ ಕಾರಿನ ಪೇಂಟ್ ಬಿಸಿಲಿಗೆ ಸುಟ್ಟಿರಬಹುದು, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರಬಹುದು, ತಗಡು ಮಾತ್ರ ಗಟ್ಟಿ ಇರುತ್ತದೆ. ಅದೇ ಮಾದರಿಯ ಎರಡು ಕಾರು ಸಿಕ್ಕರೆ ನಾನು ಬಯಲುಸೀಮೆಯದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಲೂ ತಯಾರು.

ಮೂರನೆಯದು ಬಿಡಿಭಾಗ ಮತ್ತು ಮೇಸ್ತ್ರಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳು ಮೊದಲ ಹುಡುಕಾಟಕ್ಕೆ ಸರಿ. ಅಲ್ಲಿ ಸಿಗದಿದ್ದರೆ ಕಾರು ಹುಟ್ಟಿದ ಊರಿನ ಕಡೆ ಹೋಗಬೇಕು. ಅಂಬಾಸಿಡರಿಗೆ ಕೋಲ್ಕತ್ತದ ಮಲ್ಲಿಕ್ ಬಜಾರ್, ಫಿಯಟ್ಟಿಗೆ ಮುಂಬೈಯ ಕುರ್ಲಾ, ಹೆರಾಲ್ಡಿಗೆ ಚೆನ್ನೈಯ ಪುದುಪೇಟೆ.

ಇನ್ನು ದುಡ್ಡು. ನಿಮ್ಮ ಹತ್ತಿರ ಒಟ್ಟು ಐದು ಲಕ್ಷ ಇದೆ ಅಂದರೆ ಎರಡು ಲಕ್ಷದ ಮೇಲೆ ಗಾಡಿಗೆ ಕೊಡಬೇಡಿ. ಉಳಿದದ್ದು ತಗಡು, ಪೇಂಟ್, ಕ್ರೋಮ್, ಸೀಟು, ವೈರಿಂಗ್ ಅಂತ ಕರಗುತ್ತದೆ. ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರವಾಗಿ, ಅರ್ಧ ಬಿಚ್ಚಿದ ಕಾರು ಗ್ಯಾರೇಜಿನ ಮೂಲೆ ಸೇರುತ್ತದೆ. ಮಾರಾಟಕ್ಕೆ ಬರುವ ಹಳೆ ಕಾರುಗಳಲ್ಲಿ ಇಂಥವು ಎಷ್ಟೋ.

ಅಂಬಾಸಿಡರ್

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದುಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರ್‌ಪಾರಾದಲ್ಲಿ 1950ರ ದಶಕದ ಕೊನೆಯಿಂದ ಕಟ್ಟುತ್ತಾ ಬಂತು, ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಇಷ್ಟು ದೀರ್ಘ ಕಾಲ ಬಂದ ಕಾರಿಗೆ ಪಾರ್ಟ್ಸ್ ಕೊರತೆ ಇರಲಿಕ್ಕಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ.

1489 ಸಿಸಿಯ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಇರುವ ಗಾಡಿಗಳಿಗೆ ಎಂಜಿನ್ ಕಡೆಯ ಚಿಂತೆ ಇಲ್ಲ. ಇದೇ ಕುಟುಂಬದ ಎಂಜಿನ್ ಬ್ರಿಟನ್ನಿನ ಎಂಜಿ ಕಾರುಗಳಲ್ಲೂ ಇದ್ದದ್ದರಿಂದ ಅಲ್ಲಿಂದಲೂ ಗ್ಯಾಸ್ಕೆಟ್, ಬೇರಿಂಗ್ ತರಿಸಬಹುದು. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲೂ ಅಂಬಾಸಿಡರ್ ಗೊತ್ತಿರುವ ಹಿರಿಯ ಮೇಸ್ತ್ರಿ ಒಬ್ಬರಾದರೂ ಇರುತ್ತಾರೆ. ಸಮಸ್ಯೆ ಇರುವುದು ಮಾದರಿಗಳ ನಡುವಿನ ವ್ಯತ್ಯಾಸದಲ್ಲಿ. ಮಾರ್ಕ್ 1 ನೋಡಲು ಎಲ್ಲಕ್ಕಿಂತ ಚೆಂದ. ಅದರ ಗ್ರಿಲ್, ಡ್ಯಾಶ್‌ಬೋರ್ಡ್, ಹಿಂದಿನ ಲೈಟು ಆಮೇಲಿನವುಗಳಲ್ಲಿ ಬರಲಿಲ್ಲ. 60ರ ದಶಕದ ಮಾರ್ಕ್ 2 ಕೂಡ ಸುಮಾರಾಗಿ ಇದೇ ಕಥೆ. 1975ರ ಮಾರ್ಕ್ 3, 1979ರ ಮಾರ್ಕ್ 4 ದಾಟಿದ ಮೇಲೆ ಹುಡುಕಾಟ ಸುಲಭವಾಗುತ್ತಾ ಹೋಗುತ್ತದೆ. ಹಾಗಾಗಿ "ಅಂಬಾಸಿಡರ್ ಪಾರ್ಟ್ಸ್ ಎಲ್ಲ ಸಿಗುತ್ತೆ ಸಾರ್" ಅನ್ನುವವರನ್ನು "ಯಾವ ಮಾರ್ಕಿಗೆ?" ಅಂತ ಕೇಳಿ.

ಮಾರ್ಕ್ 1 ಅಂತ ಮಾರುವ ಗಾಡಿಗಳಲ್ಲಿ ಮುಂಭಾಗ ಒಂದು ಕಾಲದ್ದು, ಹಿಂಭಾಗ ಇನ್ನೊಂದು ಕಾಲದ್ದು ಆಗಿರುವುದು ಮಾಮೂಲು. ಟ್ಯಾಕ್ಸಿಯಾಗಿ ಓಡಿ, ಅಪಘಾತವಾಗಿ, ಸಿಕ್ಕಿದ ಫೆಂಡರ್ ಹಾಕಿಸಿಕೊಂಡು ಬದುಕಿದ ಗಾಡಿಗಳವು. ಚಾಸಿ ನಂಬರಿಗೂ ರೂಪಕ್ಕೂ ಹೊಂದಿಕೆ ಇದೆಯಾ ನೋಡಿ. ಡೀಸೆಲ್ ಎಂಜಿನ್ ಹಾಕಿಸಿದ ಪೆಟ್ರೋಲ್ ಗಾಡಿಗಳೂ ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದೆಯಾ ಅನ್ನುವುದೇ ಮುಖ್ಯ ಪ್ರಶ್ನೆ.

ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕೆಳಗಿನ ಬಾಕ್ಸ್ ಸೆಕ್ಷನ್‌ಗಳು, ಅಂದರೆ ಭಾರ ಹೊರುವ ಟೊಳ್ಳು ತೊಲೆಗಳು, ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆ ಅಲ್ಲ, ಗಾಡಿಯ ಬೆನ್ನೆಲುಬಿನ ಪ್ರಶ್ನೆ. ಜ್ಯಾಕ್ ಹಾಕಿ ಎತ್ತಿ, ಎತ್ತಿದ ಕಡೆಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಬಾಗಿಲು ಕಚ್ಚಿಕೊಂಡರೆ ಬಾಡಿ ಬಗ್ಗುತ್ತಿದೆ. ಅಂಥದ್ದನ್ನು ಮೊದಲ ಪ್ರಾಜೆಕ್ಟಾಗಿ ತೆಗೆದುಕೊಳ್ಳಬೇಡಿ.

ಗಾತ್ರವನ್ನೂ ಮರೆಯಬೇಡಿ. ಸುಮಾರು 4.3 ಮೀಟರ್ ಉದ್ದ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹಿಡಿಯುತ್ತದೆ, ಆದರೆ ಸುತ್ತ ನಿಂತು ಕೆಲಸ ಮಾಡಲು ಜಾಗ ಉಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಅಂಬಾಸಿಡರಿನಲ್ಲಿ ಇರುವುದು ಎರಡೇ ಒಳ್ಳೆಯ ಆಯ್ಕೆ. ಓಡಿಸಲು ಬೇಕಾದರೆ 90ರ ದಶಕದಲ್ಲಿ ಬಂದ 1.8 ಲೀಟರ್ ಇಸುಜು ಎಂಜಿನ್ನಿನದು. ಐದು ಗೇರು, ಗೇರ್ ಕಡ್ಡಿ ನೆಲದಲ್ಲಿ. ಹೈವೇಯಲ್ಲಿ ಈ ಕಾಲದ ಕಾರುಗಳ ಮಧ್ಯೆ ಹೆದರದೆ ಹೋಗಬಹುದು. ಶೋಭೆಗೆ ಬೇಕಾದರೆ ಪೂರ್ತಿ ಇರುವ ಒಂದು ಮಾರ್ಕ್ 2. ಪೂರ್ತಿ ಇರಬೇಕು. ಮಧ್ಯದ ಮಾರ್ಕ್ 4, ನೋವಾಗಳು ಅಗ್ಗ, ಗಟ್ಟಿಮುಟ್ಟು, ಮನೆ ಮಂದಿಯೆಲ್ಲ ಕೂತು ಊರಿಗೆ ಹೋಗಿ ಬರಬಹುದು. ಆದರೆ ರಿಸ್ಟೋರ್ ಮಾಡಿದ ಖರ್ಚು ಯಾವತ್ತೂ ವಾಪಸ್ ಬರುವುದಿಲ್ಲ. ಅಪ್ಪನೋ ತಾತನೋ ಓಡಿಸಿದ ಕಾರಾದರೆ ಆ ಲೆಕ್ಕ ಬಿಡಿ, ಮಾಡಿಸಿ.

ಫಿಯಟ್, ಅಂದರೆ ಪದ್ಮಿನಿ

ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ಈ ಕಾರು 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂತು. 70ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಆಯಿತು. ನಮ್ಮ ಜನ ಕೊನೆತನಕ 'ಫಿಯಟ್' ಅಂತಲೇ ಕರೆದರು, ನಾನೂ ಹಾಗೇ ಕರೆಯುತ್ತೇನೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್.

ಮೊದಲ ಸಲ ಹಳೆ ಕಾರಿಗೆ ಕೈ ಹಾಕುವ ಹತ್ತು ಜನರಲ್ಲಿ ಏಳು ಜನರಿಗೆ ನಾನು ಹೇಳುವುದು ಇದನ್ನೇ. ಕಾರಣ ಸರಳ. ಉದ್ದ ನಾಲ್ಕು ಮೀಟರಿನೊಳಗೆ, ಮನೆ ಮುಂದೆ ಹಿಡಿಯುತ್ತದೆ. ಎಂಜಿನ್ ಕಲಿಯಲು ಸುಲಭ. ಬಾನೆಟ್ ತೆಗೆದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪು ಎಲ್ಲ ಕೈಗೆ ಸಿಗುವಂತೆ ಎದುರಿಗೇ ಇವೆ. ಪಾಯಿಂಟ್ ಗ್ಯಾಪ್ ಸರಿ ಮಾಡುವುದು, ಟ್ಯಾಪೆಟ್ ಹೊಂದಿಸುವುದು ಇವೆಲ್ಲ ಒಂದು ಭಾನುವಾರದಲ್ಲಿ ಕಲಿಯಬಹುದಾದ ಕೆಲಸ. ಅಂಬಾಸಿಡರ್ ಓಡಿಸಿ ಬಂದು ಫಿಯಟ್ ಹತ್ತಿದರೆ ಕೈಗೆ ಎಷ್ಟು ಹಗುರ ಅಂತ ಗೊತ್ತಾಗುತ್ತದೆ.

ಕೊಳ್ಳುವಾಗ ಮೊದಲು ಗೇರ್ ಕಡ್ಡಿ ಹಿಡಿದು ನೋಡಿ. ಚೆನ್ನಾಗಿರುವ ಗಾಡಿಯಲ್ಲಿ ಎರಡು ಬೆರಳಲ್ಲಿ ಗೇರ್ ಬೀಳುತ್ತದೆ, ಎಲ್ಲಿ ಬಿತ್ತು ಅಂತ ಕೈಗೆ ತಿಳಿಯುತ್ತದೆ. ಬುಷ್ ಸವೆದ ಗಾಡಿಯಲ್ಲಿ ಕಡ್ಡಿ ಜೋತು ಬಿದ್ದು, ಮೂರನೆಯದು ಹುಡುಕುವಾಗ ಒಂದನೆಯದು ಸಿಗುತ್ತದೆ. ಇದು ದೊಡ್ಡ ಖರ್ಚಲ್ಲ. ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ. ಆಮೇಲೆ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಕಿಂಗ್‌ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ, ಹೋಗಿದೆ.

ಫಿಯಟ್ಟಿನ ತಗಡು ಮೊದಲು ಹೋಗುವುದು ಬಾಗಿಲ ಕೆಳಗಿನ ಪಟ್ಟಿ ಮತ್ತು ನೆಲದಲ್ಲಿ. ಇಲ್ಲಿ ಟಿಂಕರುಗಳು ಮಾಡುವ ಒಂದು ಕೆಲಸ ನೋಡಿದರೆ ನನಗೆ ಮೈ ಉರಿಯುತ್ತದೆ. ತುಕ್ಕು ಹಿಡಿದ ತಗಡನ್ನು ಕತ್ತರಿಸದೆ ಅದರ ಮೇಲೇ ಹೊಸ ತಗಡು ಇಟ್ಟು ಬೆಸುಗೆ ಹಾಕಿ ಪುಟ್ಟಿ ಬಳಿಯುತ್ತಾರೆ. ಒಂದು ಮಳೆಗಾಲ ಚೆನ್ನಾಗಿರುತ್ತದೆ. ಎರಡನೆಯದಕ್ಕೆ ಪೇಂಟ್ ಉಬ್ಬುತ್ತದೆ. ಹಾಗಾಗಿ ಫಿಯಟ್ಟಿನಲ್ಲಿ ಹೊಸದಾಗಿ ಪೇಂಟ್ ಆಗಿ ಮಿರಿಮಿರಿ ಮಿಂಚುವ ಗಾಡಿಗಿಂತ, ಹಳೆ ಪೇಂಟಿನಲ್ಲೇ ಮಂಕಾಗಿ ನಿಂತಿರುವ ಗಾಡಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಅದರಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ.

ಬಿಡಿಭಾಗದ ವಿಷಯದಲ್ಲಿ ಒಂದು ಆತುರ ಇದೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಇಷ್ಟು ವರ್ಷ ಪಾರ್ಟ್ಸ್ ಮಾರುಕಟ್ಟೆಯನ್ನು ಜೀವಂತ ಇಟ್ಟಿದ್ದವು. 2023ರ ಅಕ್ಟೋಬರಿಗೆ ಅವುಗಳ ಕಾಲ ಮುಗಿಯಿತು. ಅವು ಗುಜರಿಗೆ ಹೋದಾಗ ರಾಶಿ ಪಾರ್ಟ್ಸ್ ಹೊರಬಂದಿವೆ, ಆದರೆ ಹೊಸದು ಮಾಡುವವರಿಗೆ ಇನ್ನು ಗಿರಾಕಿ ಇಲ್ಲ. ಫಿಯಟ್ ಕೊಳ್ಳುವವರು ಗಾಜು, ಲೈಟು, ಬಾಗಿಲ ಹಿಡಿ, ಬೀಡಿಂಗ್ ಇವನ್ನು ಬೇಕಾಗುವ ಮೊದಲೇ ಕೊಂಡು ಅಟ್ಟದ ಮೇಲೆ ಹಾಕಿಟ್ಟುಕೊಳ್ಳಿ.

ಡಿಲೈಟಿಗಿಂತ ಹಿಂದಿನ, ಮುಂದಿನ ಬಾಗಿಲು ಉಲ್ಟಾ ತೆರೆಯುವ 50ರ ದಶಕದ ಫಿಯಟ್ಟನ್ನು ಮುಂಬೈಯವರು ಡುಕ್ಕರ್ ಫಿಯಟ್ ಅನ್ನುತ್ತಾರೆ. ಬಹಳ ಮುದ್ದಾದ ಗಾಡಿ. ಆದರೆ ಅದು ಎರಡನೆಯ ಕಾರಾಗಿರಲಿ. ಪದ್ಮಿನಿಯ ಪಾರ್ಟ್ಸು ಅದರ ಬಾಡಿಗೆ ಕೂರುವುದಿಲ್ಲ.

ಸ್ಟ್ಯಾಂಡರ್ಡ್ ಹೆರಾಲ್ಡ್

ಚೆಂದದ ವಿಷಯಕ್ಕೆ ಬಂದರೆ ನಾಲ್ಕರಲ್ಲಿ ಇದಕ್ಕೇ ನನ್ನ ಓಟು. ಇಟಲಿಯ ಮಿಕೆಲೊಟ್ಟಿ ಗೆರೆ ಎಳೆದ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಕಟ್ಟಿತು. 948 ಸಿಸಿ ಎಂಜಿನ್. ಬಾನೆಟ್ಟು ಎರಡೂ ಫೆಂಡರಿನ ಸಮೇತ ಪೂರ್ತಿ ಮುಂದಕ್ಕೆ ಮಗುಚುತ್ತದೆ. ಮುಂದಿನ ಟೈರಿನ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದಾದ ಕಾರು ಬೇರೆ ಯಾವುದಿದೆ ಹೇಳಿ! ಮುಂದಿನ ಚಕ್ರಗಳು ಎಷ್ಟು ತಿರುಗುತ್ತವೆ ಅಂದರೆ 25 ಅಡಿಯ ವೃತ್ತದಲ್ಲಿ ಇಡೀ ಗಾಡಿ ಸುತ್ತು ಹೊಡೆಯುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಉಳಿದ ಮೂರಕ್ಕಿಂತ ಇದು ಬೇರೆಯಾಗುವುದು ಚಾಸಿಯಲ್ಲಿ. ಇದಕ್ಕೆ ಪ್ರತ್ಯೇಕ ಚಾಸಿ ಇದೆ, ಬಾಡಿಯನ್ನು ಬೋಲ್ಟಿನಿಂದ ಕೂರಿಸಿರುತ್ತಾರೆ. ರಿಸ್ಟೋರೇಷನ್ನಿಗೆ ಇದು ವರ. ತುಂಡು ತುಂಡಾಗಿ ಬಿಚ್ಚಿ, ಒಂದೊಂದನ್ನೇ ಸರಿ ಮಾಡಿ, ಮತ್ತೆ ಜೋಡಿಸಬಹುದು. ಆದರೆ ಕಿರಿಕಿರಿಯೂ ಅಲ್ಲೇ. ಜೋಡಿಸುವಾಗ ಬಾನೆಟ್ಟು, ಬಾಗಿಲುಗಳ ನಡುವಿನ ಸಂದು ಸಮ ಬರಲು ವಾಷರ್ ಹಾಕಿ ತೆಗೆದು ಹಾಕಿ ತೆಗೆದು ಮೇಸ್ತ್ರಿಯ ತಾಳ್ಮೆ ಮುಗಿಯುತ್ತದೆ. ಚಾಸಿಯಿಂದ ಪಕ್ಕಕ್ಕೆ ಚಾಚಿದ ಔಟ್‌ರಿಗರ್‌ಗಳು ತುಕ್ಕಿಗೆ ಮೊದಲ ಬಲಿ. ಕೆಳಗೆ ಬಗ್ಗಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡದೆ ಹೆರಾಲ್ಡ್ ಕೊಳ್ಳಬೇಡಿ.

ಇನ್ನೊಂದು ಜೀವದ ವಿಷಯ. ಮುಂದಿನ ಚಕ್ರದ ಕೆಳಗೆ ಟ್ರನಿಯನ್ ಅಂತ ಒಂದು ಹಿತ್ತಾಳೆ ಬಣ್ಣದ ಭಾಗ ಇದೆ. ಸ್ಟೀರಿಂಗ್ ತಿರುಗಿಸಿದಾಗ ಉಕ್ಕಿನ ಕಂಬ ಅದರೊಳಗೆ ಸ್ಕ್ರೂವಿನಂತೆ ತಿರುಗುತ್ತದೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಬಿಡಬೇಕು, ಇಪಿ 90. ನಮ್ಮ ಗ್ಯಾರೇಜುಗಳಲ್ಲಿ ಉಳಿದ ನಿಪ್ಪಲ್‌ಗಳ ಜೊತೆ ಇದಕ್ಕೂ ಗ್ರೀಸ್ ಹೊಡೆದುಬಿಡುತ್ತಾರೆ. ಅದು ಒಣಗಿ, ನೀರು ಸೇರಿ, ಒಳಗಿನ ಉಕ್ಕು ಸವೆದು ಒಂದು ದಿನ ಮುರಿಯುತ್ತದೆ. ಚಕ್ರ ಪಕ್ಕಕ್ಕೆ ಮಲಗುತ್ತದೆ. ಹೆರಾಲ್ಡ್ ತಂದ ದಿನವೇ ಇದನ್ನು ಬಿಚ್ಚಿಸಿ ನೋಡಿ, ಅನುಮಾನ ಇದ್ದರೆ ಬದಲಾಯಿಸಿ. ಮೊದಲ ಹೆರಾಲ್ಡ್‌ಗಳ ಹಿಂದೆ ಸ್ವಿಂಗ್ ಆಕ್ಸಲ್ ಇದೆ, ಚಕ್ರ ಮೇಲೆ ಕೆಳಗೆ ಆಡಿದಾಗ ಅದರ ವಾಲಿಕೆಯೂ ಬದಲಾಗುತ್ತದೆ. ಹಾಗಾಗಿ ತಿರುವಿನಲ್ಲಿ ಜೋರಾಗಿ ಹೋಗಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಹಿಂಭಾಗ ಎಗರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಪ್ರಯೋಗ ಮಾಡಬೇಡಿ.

ಪಾರ್ಟ್ಸ್ ವಿಷಯದಲ್ಲಿ ಒಂದು ವಿಚಿತ್ರ ಇದೆ. ಎರಡು ಬಾಗಿಲಿನ ಹೆರಾಲ್ಡಿಗೆ ಬ್ರಿಟನ್ನಿನಿಂದ ಬಹಳಷ್ಟು ಹೊಸದಾಗಿಯೇ ತರಿಸಬಹುದು, ಅಲ್ಲಿ ಇದನ್ನು ಪ್ರೀತಿಸುವವರು ಬೇಕಾದಷ್ಟು ಜನ. ಸಾಗಾಣಿಕೆ, ಕಸ್ಟಮ್ಸ್ ಸೇರಿ ದುಬಾರಿ ಅಷ್ಟೇ. ಆದರೆ ನಾಲ್ಕು ಬಾಗಿಲಿನ ಮಾರ್ಕ್ 3 ಮತ್ತು 70ರ ದಶಕದ ಗೆಜೆಲ್ ಭಾರತದಲ್ಲಿ ಮಾತ್ರ ಬಂದವು. ಅವುಗಳ ಹಿಂದಿನ ಬಾಗಿಲು, ಅದರ ಗಾಜು ಪ್ರಪಂಚದ ಬೇರೆ ಎಲ್ಲೂ ಸಿಗುವುದಿಲ್ಲ. ಮನೆಯವರಿಗೆ ನಾಲ್ಕು ಬಾಗಿಲು ಅನುಕೂಲ ಅಂತ ಮಾರ್ಕ್ 3 ಕೊಳ್ಳುವವರು ಒಂದೊಂದು ಗಾಜನ್ನೂ ಎಣಿಸಿಕೊಂಡೇ ಕೊಳ್ಳಲಿ.

ಮೊದಲ ಮಾರುತಿ 800

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಗಿರಾಕಿಯ ಕೈಗೆ ಬೀಗದ ಕೈ ಕೊಟ್ಟ ಆ ಚೌಕಾಕಾರದ ಕಾರು, ಎಸ್‌ಎಸ್80, ಬಂದದ್ದು 1986ರವರೆಗೆ ಮಾತ್ರ. ಆಮೇಲೆ ಬಂದದ್ದು ಬೇರೆ ಬಾಡಿ. ಮಾರುತಿಯನ್ನೂ ಕ್ಲಾಸಿಕ್ ಅನ್ನಬೇಕಾ ಅಂತ ಹಿರಿಯರು ಮೂಗು ಮುರಿಯುತ್ತಾರೆ. 40 ವರ್ಷ ದಾಟಿದೆ ಸ್ವಾಮಿ, ಇನ್ನೇನಾಗಬೇಕು?

ಇದರ ಲೆಕ್ಕ ಅಂಬಾಸಿಡರಿಗೆ ಉಲ್ಟಾ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಓಮ್ನಿಯಲ್ಲೂ ಇದ್ದದ್ದು. ಓಮ್ನಿ 2019ರವರೆಗೆ ಬಂತು. ಅಂದಮೇಲೆ ಎಂಜಿನ್ ಪಾರ್ಟ್ಸ್ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ, ಯಾವ ಮೇಸ್ತ್ರಿಯೂ ಕೈ ಹಾಕುತ್ತಾನೆ. ಆದರೆ ಬಾಡಿ ತಗಡು, ಗಾಜು, ಲೈಟು, ಡ್ಯಾಶ್‌ಬೋರ್ಡ್ ಯಾವುದೂ ಮುಂದಿನ 800ರದ್ದು ಹೊಂದುವುದಿಲ್ಲ. ತಗಡು ತೆಳು, ಬಹುಪಾಲು ಗಾಡಿಗಳು ಬಹಳ ಹಿಂದೆಯೇ ಗುಜರಿಗೆ ಹೋಗಿವೆ. ಹಾಗಾಗಿ ಎಂಜಿನ್ ಸೀಜ್ ಆದ ಎಸ್‌ಎಸ್80 ಆದೀತು, ಹೆಡ್‌ಲೈಟ್ ಇಲ್ಲದ್ದು ಬೇಡ.

50 ವರ್ಷ ತುಂಬಲು ಇನ್ನೂ ಕಾಯಬೇಕಾದ್ದರಿಂದ ವಿಂಟೇಜ್ ನೋಂದಣಿಯ ಮಾತು ಇಲ್ಲ. ಟ್ರಾಫಿಕ್ಕಿನಲ್ಲಿ ಬಿಸಿಯಾಗದೆ ಓಡುತ್ತದೆ, ಸಣ್ಣ ಜಾಗದಲ್ಲಿ ನಿಲ್ಲುತ್ತದೆ, ಮೈಲೇಜು ಕೊಡುತ್ತದೆ. ಹಳೆ ಕಾರಿನಲ್ಲೇ ವಾರಕ್ಕೆ ಎರಡು ಸಲ ಆಫೀಸಿಗೆ ಹೋಗಬೇಕು ಅನ್ನುವವರಿಗೆ ನಾಲ್ಕರಲ್ಲಿ ಇದೊಂದೇ ನಿಜವಾದ ಆಯ್ಕೆ.

ಜೀಪು, ಕಾಂಟೆಸಾ, ಬೀಟಲ್ ಯಾಕಿಲ್ಲ?

ಜೀಪಿನ ಕೆಲಸ ಸುಲಭ, ಎಲ್ಲ ನಟ್ಟು ಬೋಲ್ಟು, ಬಾಡಿಯನ್ನೇ ಹೊಸದಾಗಿ ತಟ್ಟಿಸಬಹುದು. ಅದೇ ತೊಂದರೆ. ಹರಿಯಾಣದ ಮಂಡಿ ಡಬವಾಲಿ ಕಡೆಯಿಂದ ಬರುವ ಥಳಥಳ ಜೀಪಿನಲ್ಲಿ ಹಳೆಯದು ಎಷ್ಟು, ಆರ್‌ಸಿಗೂ ಗಾಡಿಗೂ ಸಂಬಂಧ ಎಷ್ಟು ಅನ್ನುವುದನ್ನು ಕೇಳಿಯೇ ಕೊಳ್ಳಬೇಕು. ಗಾಡಿಯ ಮೂಲ ರಚನೆ ಬದಲಾಯಿಸುವುದು ಕಾನೂನಿಗೆ ವಿರುದ್ಧ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟಿನಲ್ಲಿ ಒಂದೇ ಕುಟುಂಬದ ಕೈಯಲ್ಲಿದ್ದ ಜೀಪು ಸಿಕ್ಕರೆ ಆ ಮಾತು ಬೇರೆ. ಕಾಂಟೆಸಾ ಇಸುಜು ಎಂಜಿನ್ನಿನದು ಓಡಿಸಲು ಸೊಗಸು, ಒಳಗಿನ ಪ್ಲಾಸ್ಟಿಕ್ ಮತ್ತು ಟ್ರಿಮ್ ಹುಡುಕುವುದು ಶಿಕ್ಷೆ. ಬೀಟಲ್‌ಗೆ ಹೊರದೇಶದಲ್ಲಿ ಪ್ರತಿ ಸ್ಕ್ರೂವೂ ಸಿಗುತ್ತದೆ, ಆದರೆ ಗಾಡಿಯ ಬೆಲೆ ನಾನು ಹೇಳಿದ ಬಜೆಟ್ಟಿನ ಆಚೆ.

ಯಾವುದನ್ನೇ ತಂದರೂ ಪೆಟ್ರೋಲಿನ ವಿಷಯ

ಈಗ ಬಂಕುಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೆ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರ್ ಗ್ಯಾಸ್ಕೆಟ್ಟು ಉಬ್ಬಿ ಬಿರುಕು ಬಿಡುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಎಥನಾಲ್ ತಡೆಯುವ ಪೈಪು ಮೊದಲ ವಾರದಲ್ಲೇ ಹಾಕಿಸಿ, ಪೇಂಟಿಗಿಂತ ಮುಂಚೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ, ಎಥನಾಲ್ ನೀರು ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಏಪ್ರಿಲ್ ಬಿಸಿಲಿನ ಟ್ರಾಫಿಕ್ಕಿನಲ್ಲಿ ಅಂಬಾಸಿಡರ್, ಫಿಯಟ್‌ಗಳು ಸುಮ್ನೆ ನಿಂತುಬಿಡುವುದು ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆ ಡ್ರೈವರುಗಳ ಉಪಾಯ ಈಗಲೂ ನಡೆಯುತ್ತದೆ.

ಎಂಜಿನ್ ಹೆಡ್ ಬಿಚ್ಚಿದ್ದರೆ ಗಟ್ಟಿ ವಾಲ್ವ್ ಸೀಟುಗಳನ್ನೂ ಕೂರಿಸಿಬಿಡಿ. ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್‌ಗಳವು, ವಾಲ್ವ್ ಸೀಟು ಸವೆಯದಂತೆ ಆ ಸೀಸವೇ ಕಾಯುತ್ತಿತ್ತು. ನಮ್ಮಲ್ಲಿ ಅಂಥ ಪೆಟ್ರೋಲ್ ನಿಂತದ್ದು 2000ದಲ್ಲಿ.

ಹಾಗಾದರೆ ನಿಮಗೆ ಯಾವುದು?

ಬಜೆಟ್ ಬಿಗಿ, ಕೆಲಸ ಕಲಿಯುವ ಆಸೆ ಇದೆ, ಮನೆ ಮುಂದೆ ಒಂದು ಕಾರಿನ ಜಾಗ: 80ರ ದಶಕದ ಫಿಯಟ್. ಇದೇ ಬಜೆಟ್ಟಿಗೆ ಮಾರ್ಕ್ 4 ಅಂಬಾಸಿಡರ್ ಕೂಡ ಬರುತ್ತದೆ. ಮನೆಯಲ್ಲಿ ಜನ ಜಾಸ್ತಿ, ಊರು ದೂರ ಅಂದರೆ ಅದನ್ನೇ ನೋಡಿ. ದುಡ್ಡು ಸ್ವಲ್ಪ ಜಾಸ್ತಿ ಇದ್ದು ತಾಳ್ಮೆ ಕಮ್ಮಿ ಇರುವವರು, ಬೇರೆಯವರು ಆಗಲೇ ಚೆನ್ನಾಗಿ ರಿಸ್ಟೋರ್ ಮಾಡಿಸಿದ ಇಸುಜು ಅಂಬಾಸಿಡರನ್ನೋ ಡಿಲೈಟನ್ನೋ ಕೊಳ್ಳಿ. ಮಾಡಿಸಿದವರಿಗೆ ಖರ್ಚು ಪೂರ್ತಿ ಬರುವುದು ಅಪರೂಪ, ಆ ಲಾಭ ನಿಮಗೆ. ಕೆಲಸ ನಡೆದಾಗ ತೆಗೆದ ಫೋಟೊಗಳನ್ನು ಮಾತ್ರ ಕೇಳಿ. ಬರೀ ತಗಡು ಕಾಣುವ ಫೋಟೊ ಒಂದೂ ಇಲ್ಲದಿದ್ದರೆ ಒಳಗೆ ಏನಿದೆಯೋ ದೇವರಿಗೇ ಗೊತ್ತು.

ತಾಳ್ಮೆ ಜಾಸ್ತಿ ಇದ್ದು, ಬ್ರಿಟನ್ನಿನಿಂದ ಪಾರ್ಸೆಲ್ ಬರುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲವರಿಗೆ ಎರಡು ಬಾಗಿಲಿನ ಹೆರಾಲ್ಡ್. ಮೇಸ್ತ್ರಿಗಳು ಹತ್ತಿರದಲ್ಲಿ ಇಲ್ಲದ ಸಣ್ಣ ಊರಿನವರು ಇದರ ಸಹವಾಸಕ್ಕೆ ಹೋಗಬೇಡಿ, ಎಸ್‌ಎಸ್80 ಹುಡುಕಿ.

ಗಾಡಿ ಆರಿಸುವ ಮೊದಲು ಒಂದು ಸಲ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರು ಸಂಗ್ರಹಾಲಯಕ್ಕೋ ಹೋಗಿ ಬನ್ನಿ. ಸುಮ್ನೆ ನೋಡಿ ಬರುವುದಲ್ಲ. ಬ್ಯಾಡ್ಜ್ ಎಲ್ಲಿ ಕೂರುತ್ತದೆ, ಕ್ರೋಮ್ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಬೀಡಿಂಗ್ ಹೇಗೆ ಕೂತಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಲಿ.

ಅಡ್ವಾನ್ಸ್ ಕೊಡುವ ದಿನ ಒಂದು ಬಿಳಿ ಹಾಳೆ, ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು ಹೋಗಿ. ಚಾಸಿ ನಂಬರ್ ಮೇಲಿನ ಗ್ರೀಸ್ ಒರೆಸಿ, ಹಾಳೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಆಮೇಲೆ ಆರ್‌ಟಿಒ ಇನ್‌ಸ್ಪೆಕ್ಟರ್ ಮಾಡುವುದೂ ಅದನ್ನೇ. ಆರ್‌ಸಿ ಪುಸ್ತಕದ ಅಂಕಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಹೊಂದಿಕೆಯಾದರೆ, ಡಿಕ್ಕಿಯಲ್ಲಿ, ಶೆಡ್ಡಿನ ಮೂಲೆಯಲ್ಲಿ, ಮಾರುವವರ ಮನೆಯ ಅಟ್ಟದಲ್ಲಿ ಬಿದ್ದಿರುವ ಹಬ್‌ಕ್ಯಾಪು, ಹಿಡಿ, ಪಟ್ಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡು ಪಟ್ಟಿ ಬರೆದು ಸಹಿ ಮಾಡಿಸಿ. ಆಮೇಲೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ.